ಬಾವಿ ಪಿಚ್ಚರ್ ನೋಡಿದ ವರ್ಷ

ಚಿಕ್ಕಸ್ವಾಮಿಗೆ ದೆವ್ವದ ಪಿಚ್ಚರ್ ಎಂದರೆ ಪ್ರಾಣ. ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ. ಬೆಳಗ್ಗೆ ಹಾಲು ಅಳೆದು, ಸಂಜೆ ಹಾಲು ಅಳೆದು, ನಡುವೆ ಸಿಕ್ಕಿದ ಹೊತ್ತಿನಲ್ಲಿ ಸೈಕಲ್ ಹತ್ತಿ ಎಲ್ಲಿ ದೆವ್ವ ಓಡುತ್ತಿದೆಯೋ ಅಲ್ಲಿಗೆ ಹೋಗಿಬಿಡುತ್ತಿದ್ದ. ಪಾಂಡವಪುರದ ಟಾಕೀಸು, ಶ್ರೀರಂಗಪಟ್ಟಣದ ಟಾಕೀಸು, ಯಾವುದಾದರೂ ಹಳ್ಳಿಗೆ ಟೆಂಟು ಬಂದರೆ ಟೆಂಟು, ಇದೊಂದೂ ಇಲ್ಲದಿದ್ದರೆ ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದೆ ಮಂಚಯ್ಯ ಇಟ್ಟಿದ್ದ ವೀಡಿಯೋ ಕ್ಯಾಸೆಟ್ ಅಂಗಡಿ. ಭಾಷೆ ಯಾವುದಾದರೂ ಸರಿ, ದೆವ್ವಕ್ಕೇನು ಭಾಷೆ ಅನ್ನುತ್ತಿದ್ದ. ಪರೀಕ್ಷೆ ಮಾತ್ರ ಒಂದೇ. ನೋಡಿಕೊಂಡು ಮನೆಗೆ ಬರುವಾಗ, ರೈಲ್ವೆ ಗೇಟಿನ ಪಕ್ಕದ ಹುಣಸೇಮರದ ಕೆಳಗೆ ಯಾರೂ ಇಲ್ಲದಿದ್ದರೂ ಸೈಕಲ್ ಬೆಲ್ ಬಾರಿಸಿದನೋ, ಪಿಚ್ಚರ್ ಪಾಸು. ಬಾರಿಸಲಿಲ್ಲವೋ, ಫೇಲು.

ಡಿಸೆಂಬರ್ ಕೊನೆಗೆ ಮಂಚಯ್ಯನ ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ವರ್ಷದ ತೀರ್ಮಾನ ಆಗುತ್ತಿತ್ತು. ಈ ವರ್ಷ ನೋಡಿದ್ದರಲ್ಲಿ ಯಾವುದು ಭೇಷು, ಯಾವುದು ದಂಡ. ಚಿಕ್ಕಸ್ವಾಮಿ ಹೇಳಿದ ಮೇಲೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ತೊಂಬತ್ತೈದನೇ ಇಸವಿಯ ಕೊನೆಗೂ ಮಂಚಯ್ಯ ಕೇಳಿದ. ಭೇಷು ಯಾವುದು ಎಂದಾಗ ಚಿಕ್ಕಸ್ವಾಮಿ ಯೋಚಿಸದೆ 'ಬಾವಿ ಪಿಚ್ಚರು' ಅಂದ. ದಂಡ ಯಾವುದು ಎಂದಾಗ ಮಾತ್ರ ಬೆಂಚು ಬಿಟ್ಟು ಎದ್ದು, ಸೈಕಲ್ ಸ್ಟ್ಯಾಂಡ್ ಒದ್ದು ಹೊರಟೇಹೋದ. ಯಾಕೆ ಹೋದ ಅನ್ನುವುದೇ ಈ ಕಥೆ.

ಮೊದಲು ಅವನ ಮನೆಯ ವಿಷಯ ಹೇಳಬೇಕು. ಬಿಳಿ ಸೀರೆ, ಬಿಚ್ಚಿದ ಕೂದಲು, ಕೋರೆಹಲ್ಲು ಯಾವುದಕ್ಕೂ ಕದಲದ ಈ ಗಂಡುಗಲಿ, ಮನೆಯಲ್ಲಿ ಅವ್ವ ಅಣ್ಣಮ್ಮ ಕೆಮ್ಮಿದರೆ ಸಾಕು ತಟ್ಟೆ ಬಿಟ್ಟು ಏಳುತ್ತಿದ್ದ. ಗಂಡ ತೀರಿಕೊಂಡ ಮೇಲೆ ಕಬ್ಬಿನ ಗದ್ದೆ, ಹಸು, ಆಳುಕಾಳು ಎಲ್ಲವನ್ನೂ ಒಬ್ಬಳೇ ತೂಗಿಸಿದ ಹೆಂಗಸು ಅಣ್ಣಮ್ಮ. ಅವಳ ಮಾತೇ ಮಾತು. ಚಿಕ್ಕಸ್ವಾಮಿಗೆ ಒಬ್ಬಳೇ ತಂಗಿ ಇದ್ದಳು, ಯಶೋದ. ಕೆ.ಆರ್. ಪೇಟೆ ಕಡೆಗೆ ಕೊಟ್ಟಿದ್ದರು. ಹಿಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಸುದ್ದಿ ಬಂದು, ಬಸ್ಸು ಹಿಡಿದು, ಅಣ್ಣಮ್ಮ ಆ ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಬಿಟ್ಟಿದ್ದರು. ಹೆತ್ತವಳಿಗೆ ಮುಖ ಸಿಗಲಿಲ್ಲ. ವಾಪಸ್ ಬಂದವಳು ಅತ್ತದ್ದನ್ನು ಯಾರೂ ನೋಡಲಿಲ್ಲ, ಆದರೆ ಅವತ್ತಿನಿಂದ ಅವಳ ನಾಲಿಗೆ ಮುಟ್ಟಿದರೆ ಕೈ ಕುಯ್ಯುವಂತಾಯಿತು.

ಆ ನಾಲಿಗೆಗೆ ದಿನಾ ಸಿಕ್ಕುತ್ತಿದ್ದವಳು ಸೊಸೆ ಪ್ರಮೀಳಾ. ಸಂತೆಬಾಚಹಳ್ಳಿ ಕಡೆಯ ಹುಡುಗಿ, ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಮೊದಲು ಹರಕೆ, ಆಮೇಲೆ ನಾಟಿ ಔಷಧಿ, ಆಮೇಲೆ ಮಂಡ್ಯದ ಡಾಕ್ಟರು. ಇಬ್ಬರಲ್ಲೂ ದೋಷವಿಲ್ಲ, ಕಾಯಿರಿ ಎಂದರು ಡಾಕ್ಟರು. ಕಾಯುವುದು ಅಣ್ಣಮ್ಮನ ಜಾಯಮಾನವಲ್ಲ. ಬಿಂಡಿಗನವಿಲೆಯಲ್ಲಿ ಅವಳ ಅಣ್ಣನ ನೆಂಟರ ಪೈಕಿ ಒಂದು ಹುಡುಗಿ ಇತ್ತು. ಶ್ರಾವಣದಲ್ಲಿ ಒಂದು ದಿನ ಮುದ್ದೆ ಮುರಿಯುತ್ತಾ ಹೇಳಿಯೇಬಿಟ್ಟಳು.

"ಕಾರ್ತೀಕ ಕಳೀಲಿ. ಆ ಉಡ್ಗಿನ ತಂದ್ಬುಡನ. ಇವ್ಳೂ ಇರ್ಲಿ, ಯಾರ್ ಬ್ಯಾಡ ಅಂದೋರು. ಮನೆಗೊಂದ್ ಕೂಸು ಬೇಕೋ ಬ್ಯಾಡ್ವೋ?"

ಪ್ರಮೀಳಾ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಲ್ಲೇ ಗಂಡನ ಮುಖ ನೋಡಿದಳು. ಅವನು ತಟ್ಟೆಯ ಮುಖ ನೋಡಿದ. ಒಂದು ಮಾತು, 'ಬ್ಯಾಡ ಕಣವ್ವ' ಅನ್ನುವ ಒಂದೇ ಮಾತು, ಗಂಟಲವರೆಗೆ ಬಂದು ಮುದ್ದೆಯ ಜೊತೆ ವಾಪಸ್ ಒಳಗೆ ಹೋಯಿತು. ಅವತ್ತಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಡೈರಿಯಲ್ಲಿ ಒಬ್ಬರ ಹಾಲಿನ ಡಿಗ್ರಿ ಇನ್ನೊಬ್ಬರ ಹೆಸರಿಗೆ ಬರೆದು ಬೈಸಿಕೊಂಡ. ಕೆಲಸವಿಲ್ಲದೆ ಪಾಂಡವಪುರಕ್ಕೆ ಹೋಗಿ, ಹೋದ ಕಾಲಲ್ಲೇ ವಾಪಸ್ ಬರುತ್ತಿದ್ದ.

ದೀಪಾವಳಿಗೆ ಪ್ರಮೀಳಾಳ ತವರಿಗೆ ಇಬ್ಬರೂ ಹೋದರು. ಸಂತೆಬಾಚಹಳ್ಳಿಯಲ್ಲಿ ಟೆಂಟು ಹಾಕಿದ್ದರು. ಅಲ್ಲಿ ಬಂದಿದ್ದ ಚಿತ್ರದ ಹೆಸರು ಈಗ ಯಾರಿಗೂ ನೆನಪಿಲ್ಲ, ಎಲ್ಲರೂ ಬಾವಿ ಪಿಚ್ಚರ್ ಅಂತಲೇ ಅಂದದ್ದು. ಗಂಡನ ಮನೆಯವರು ಸೊಸೆಯನ್ನು ಬಾವಿಗೆ ತಳ್ಳುತ್ತಾರೆ, ಅವಳು ದೆವ್ವವಾಗಿ ಆ ಮನೆಗೆ ಬಂದ ಎರಡನೇ ಸೊಸೆಯ ಮೈ ಸೇರುತ್ತಾಳೆ. ಹಳೇ ಕಥೆಯೇ. ಆದರೆ ಆ ನಟಿ ದೆವ್ವವಾಗುವ ರೀತಿ ಇತ್ತಲ್ಲ, ಅದು ಬೇರೆ. ಕಿರುಚಾಟವಿಲ್ಲ, ಕೋರೆಹಲ್ಲಿಲ್ಲ. ಮೊದಲು ಎಡಗೈ ಅಂಗೈ ಕೆಳಗಾಗಿ ನೆಲಕ್ಕೆ ಊರುತ್ತಾಳೆ. ಆಮೇಲೆ ಕತ್ತು ನಿಧಾನವಾಗಿ ಹೆಗಲ ಕಡೆಗೆ ಬೀಳುತ್ತದೆ. ಆಮೇಲೆ ತನಗೆ ತಾನೇ ಏನೋ ನೆನೆಸಿಕೊಂಡವಳಂತೆ ಮೆಲ್ಲಗೆ ನಗುತ್ತಾಳೆ. ಅಷ್ಟೇ. ಟೆಂಟಿನಲ್ಲಿ ಬೀಡಿ ಸೇದುವುದನ್ನೂ ಮರೆತರು ಜನ.

ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಧ್ಯೆ ಮೋಟುಗೋಡೆ. ರೀಲು ಬದಲಾಯಿಸಲು ದೀಪ ಹಾಕಿದಾಗಲೆಲ್ಲ ಚಿಕ್ಕಸ್ವಾಮಿ ಗೋಡೆಯಾಚೆ ಇಣುಕಿ ಹೆಂಡತಿಯನ್ನು ಹುಡುಕುತ್ತಿದ್ದ. ಉಳಿದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಒಬ್ಬರ ಮೇಲೊಬ್ಬರು ಒರಗಿದ್ದರೆ ಪ್ರಮೀಳಾ ನೆಟ್ಟಗೆ ಕೂತು, ಕಣ್ಣು ಮಿಟುಕಿಸದೆ ಖಾಲಿ ಪರದೆಯನ್ನು ನೋಡುತ್ತಿದ್ದಳು. ಹೆದರಿಕೆಯೇ ಇಲ್ಲವಲ್ಲ ಇವಳಿಗೆ, ನನ್ನ ಹೆಂಡತಿ ಅಂದರೆ ಹಿಂಗಿರಬೇಕು ಎಂದು ಅವನಿಗೆ ಹೆಮ್ಮೆಯಾಯಿತು. ಬರುವಾಗ ಕತ್ತಲ ದಾರಿಯಲ್ಲಿ ಅವಳೇ ಅವನ ಕೈ ಹಿಡಿದು, ಚಿತ್ರದ ಬಗ್ಗೆ ಒಂದೊಂದನ್ನೇ ಕೇಳುತ್ತಾ ಬಂದಳು. ಕತ್ತು ಯಾವ ಕಡೆಗೆ ಬಿತ್ತು, ನಕ್ಕಿದ್ದು ಮೊದಲೋ ಆಮೇಲೋ. ಅವನು ಉತ್ಸಾಹದಿಂದ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಮದುವೆಯಾದ ಮೇಲೆ ಇಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅವತ್ತೇ. ವರ್ಷದ ಭೇಷು ಅದೇ, ಇನ್ಯಾವುದು.

ಕಾರ್ತೀಕ ಮುಗಿಯುತ್ತಾ ಬಂತು. ಬಿಂಡಿಗನವಿಲೆಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಆ ಬೆಳಗ್ಗೆ ಅಣ್ಣಮ್ಮ ಅಂಗಳ ಸಾರಿಸಲು ಸೊಸೆಗೆ ಹೇಳಿದಳು. ಪ್ರಮೀಳಾ ಸಗಣಿ ಬುಟ್ಟಿ ತಂದು ಕೂತವಳು, ಎಡಗೈಯನ್ನು ಅಂಗೈ ಕೆಳಗಾಗಿ ನೆಲಕ್ಕೆ ಊರಿದಳು. ಕತ್ತು ನಿಧಾನವಾಗಿ ಹೆಗಲ ಕಡೆಗೆ ಬಿತ್ತು. ಆಮೇಲೆ ಮೆಲ್ಲಗೆ ನಕ್ಕಳು.

ಬೀದಿಗೆ ಬೀದಿಯೇ ಸೇರಿತು. ಗಾಳಿ ಸೋಕಿದೆ ಅಂದರು, ನಾಲೆ ಹತ್ತಿರ ಹೋಗಿದ್ದಳು ಅಂದರು. ಚಿಕ್ಕಸ್ವಾಮಿ ಡೈರಿಯಿಂದ ಓಡಿಬಂದು ಬಾಗಿಲಲ್ಲಿ ನಿಂತು ನೋಡಿದ. ಮೊದಲು ಅವನೂ ಗಾಳಿಯೆಂದೇ ನಂಬಿದ. ಎರಡನೇ ಸಲ ಕತ್ತು ಬಿದ್ದಾಗ ಗೊತ್ತಾಯಿತು. ಅದೇ ಕೈ, ಅದೇ ಕತ್ತು, ಅದೇ ನಗು. ಊರಿನವರೆಲ್ಲ ಹೆದರಿ ಗೋಡೆಗೆ ಅಂಟಿಕೊಂಡಿದ್ದರೆ, ಇವನೊಬ್ಬನಿಗೆ ಮಾತ್ರ ಇದು ಯಾವ ಟೆಂಟಿನ ಎಷ್ಟನೇ ರೀಲು ಎಂದು ತಿಳಿದಿತ್ತು. ನಗು ಸ್ವಲ್ಪ ಬೇಗ ಬಂತು ಎಂದೂ ಅನ್ನಿಸಿತು. ಹೆಂಡತಿ ನೆಲದ ಮೇಲೆ ಹೊರಳುತ್ತಿರುವಾಗ ಇಂಥ ಯೋಚನೆ ಬಂತಲ್ಲ ಎಂದು ಆಮೇಲೆ ತನ್ನ ಮೇಲೆ ತಾನೇ ಉಗಿದುಕೊಂಡ. ಆದರೆ ಬಾಯಿ ಬಿಡಲಿಲ್ಲ. ಬಿಂಡಿಗನವಿಲೆಯವರು ಬಸ್ಸಿಳಿದು ಬಂದವರು, ಅಂಗಳದ ಗಲಾಟೆ ನೋಡಿ ನೀರೂ ಕುಡಿಯದೆ ಮುಂದಿನ ಬಸ್ಸಿಗೆ ಹೋದರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಣ್ಣಮ್ಮ ಬಿಡುವವಳೇ? ಅಮಾವಾಸ್ಯೆಯ ಮಧ್ಯಾಹ್ನಕ್ಕೆ ದೆವ್ವ ಬಿಡಿಸುವ ಚೌಡಯ್ಯನನ್ನು ಕರೆಸಿದಳು. ಚೌಡಯ್ಯ ನಿಂಬೆಹಣ್ಣು, ಬೇವಿನಸೊಪ್ಪು, ಹೊಡೆಯಲು ಹಸಿ ಹುಣಸೇಬರಲು ಎಲ್ಲ ಜೋಡಿಸಿಕೊಂಡು ಕೂತ. ಅವನ ಪದ್ಧತಿ ಊರಿಗೆಲ್ಲ ಗೊತ್ತು. ದೆವ್ವಕ್ಕೆ ಹೆಸರು ಕೇಳುತ್ತಾನೆ, ಏನು ಬೇಕು ಎಂದು ಕೇಳುತ್ತಾನೆ. ಕೇಳಿದ್ದನ್ನು ಮನೆಯವರು ಕೊಡುತ್ತೇವೆ ಎಂದು ಮಾತು ಕೊಡಬೇಕು, ದೆವ್ವ ಹೋಗಬೇಕು. ಹೆಸರು ಹೇಳದ ದೆವ್ವಕ್ಕೆ ಬರಲಿನ ಏಟು. ಪ್ರಮೀಳಾ ಲೆಕ್ಕ ಹಾಕಿದ್ದು 'ಏನು ಬೇಕು' ಅನ್ನುವುದಕ್ಕೆ. ಹೆಸರಿನ ಯೋಚನೆಯನ್ನೇ ಮಾಡಿರಲಿಲ್ಲ, ಪಾಪ. ಬಾವಿ ಪಿಚ್ಚರಿನಲ್ಲಿ ಯಾರೂ ದೆವ್ವದ ಹೆಸರು ಕೇಳುವುದಿಲ್ಲ.

"ಯಾರೇ ನೀನು? ನಿನ್ ಯೆಸ್ರೇನು?" ಚೌಡಯ್ಯ ಗುಡುಗಿದ.

ಪ್ರಮೀಳಾ ನಕ್ಕಳು. ಬರಲು ಬೆನ್ನಿಗೆ ಬಿತ್ತು. ಚಿಕ್ಕಸ್ವಾಮಿಯ ಕೈ ತಾನಾಗಿ ಮುಂದೆ ಹೋಗಿ, ಅವ್ವನ ಕಡೆ ನೋಡಿ ಹಿಂದಕ್ಕೆ ಬಂತು. ಎರಡನೇ ಏಟು ಬಿತ್ತು.

"ಯೋಳು. ಯಾವೂರ ದೆವ್ವ ನೀನು?"

ಬರಲು ಮೂರನೇ ಸಲ ಮೇಲೆದ್ದಾಗ ಪ್ರಮೀಳಾಳ ಬಾಯಿಂದ ಬಂತು. "ಯಸೋದ."

ಚೌಡಯ್ಯ ಎತ್ತಿದ ಬರಲನ್ನು ಕೆಳಗಿಳಿಸಿದ. ಹೊರಗಿನ ದೆವ್ವಕ್ಕಾದರೆ ಏಟು, ಮನೆಯ ಹೆಣ್ಣಿಗೆ ಯಾರು ಹೊಡೆಯುತ್ತಾರೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆದಿತ್ತು, ಅಷ್ಟೇ. ಬಾಣಂತನದಲ್ಲಿ ಸತ್ತವರು ತಿರುಗಾಡುತ್ತಾರೆ ಎಂದು ಎಲ್ಲರೂ ನಂಬಿದ ಊರು ಅದು. ಅಣ್ಣಮ್ಮ ಜಗಲಿಯ ಕಂಬ ಹಿಡಿದು ಎದ್ದಳು.

"ಏನ್ ಬೇಕು ಕೇಳವ್ವ," ಚೌಡಯ್ಯನ ದನಿ ಇಳಿದಿತ್ತು.

"ನಮ್ಮಣ್ಣನ್ಗೆ ಇನ್ನೊಂದ್ ಮದ್ವೆ ಮಾಡ್ಬ್ಯಾಡಿ."

"ಮಾಡಕಿಲ್ಲ ಕಣ್ ಮಗ. ನನ್ನಾಣೆ, ಮಾಡಕಿಲ್ಲ," ಅಂದಳು ಅಣ್ಣಮ್ಮ. ಅಂದವಳು ಅಷ್ಟಕ್ಕೇ ನಿಲ್ಲಲಿಲ್ಲ. ಚೌಡಯ್ಯ ಇನ್ನೇನು ದೆವ್ವದ ಜುಟ್ಟಿಗೆ ಗಂಟು ಹಾಕಿ ಓಡಿಸಬೇಕೆಂದು ಕೈ ಚಾಚಿದ್ದ. ಅವನ ಕೈಯಿಂದ ಬರಲು ಕಿತ್ತುಕೊಂಡು ಅವನಿಗೇ ಎತ್ತಿದಳು. "ನನ್ ಮಗಳ್ನ ಓಡ್ಸಕ್ಕೆ ನೀನ್ಯಾವನ್ಲಾ? ಈಗ್ ಬಂದವ್ಳೆ. ಮುಖ ತೋರ್ಸಕ್ಕೆ ಬಂದವ್ಳೆ. ಏಳ್ಲಾ ಮೇಲೆ." ಚೌಡಯ್ಯ ನಿಂಬೆಹಣ್ಣು ಬಿಟ್ಟು ಎದ್ದ. ಅಣ್ಣಮ್ಮ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, ಹಿಂದಿನ ವರ್ಷ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಆ ತೋಳಿನ ಸಂದಿಯಿಂದ ಪ್ರಮೀಳಾ ಗಂಡನನ್ನು ನೋಡಿದಳು. ಈ ಸಲ ಅವಳ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು.

ಅವತ್ತಿನಿಂದ ಮನೆಯ ದಿಕ್ಕೇ ತಿರುಗಿತು. ತವರಿಗೆ ಬಂದ ಮಗಳಿಗೆ ಕಸ ಗುಡಿಸಲು ಯಾರು ಹೇಳುತ್ತಾರೆ? ಹಸು ಕರೆಯುವುದು ಅಣ್ಣಮ್ಮನೇ, ಒಲೆ ಮುಂದೆಯೂ ಅಣ್ಣಮ್ಮನೇ. ಯಶೋದಳಿಗೆ ಹಿತಕವರೆ ಸಾರು ಇಷ್ಟವೆಂದು ದಿನಾ ಕೂತು ಅವರೆಕಾಳು ಹಿಸುಕಿದಳು. ಯಶೋದಳ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಡಿಸಿದಳು, ಹರಳೆಣ್ಣೆ ಹಾಕಿ ತಲೆ ಬಾಚಿದಳು. ಮೊದಮೊದಲು ಪ್ರಮೀಳಾಳಿಗೂ ಹಿತವಾಗಿಯೇ ಇತ್ತು, ಸುಳ್ಳೇಕೆ. ಆ ಮನೆಯಲ್ಲಿ ಅವಳಿಗಾಗಿ ಯಾರಾದರೂ ಬಿಸಿ ಮುದ್ದೆ ತಟ್ಟೆಗೆ ಹಾಕಿದ್ದು ಅದೇ ಮೊದಲು.

ಚಿಕ್ಕಸ್ವಾಮಿಯ ಪಾಡು ಕೇಳಬೇಡಿ. ಒಳಗಿರುವವಳು ಅಣ್ಣಮ್ಮನ ಲೆಕ್ಕದಲ್ಲಿ ಅವನ ತಂಗಿ. ಅಂದಮೇಲೆ ಅವನ ಚಾಪೆ ಜಗಲಿಗೆ ಬಂತು. ಹೆಂಡತಿಯ ಕಡೆ ಅರೆಗಳಿಗೆ ಹೆಚ್ಚು ನೋಡಿದರೆ ಅವ್ವ ಗಂಟಲು ಕೆರೆಯುತ್ತಿದ್ದಳು. ಎರಡನೇ ಮದುವೆ ತಪ್ಪಿತು ಅಂತ ಖುಷಿಪಡೋಣವೆಂದರೆ ಮೊದಲನೇ ಮದುವೆಯೇ ಇಲ್ಲವಾಗಿತ್ತು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಅವನು ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದ.

ಒಂದು ದಿನ ಅವ್ವ ಗದ್ದೆ ಕಡೆ ಹೋದದ್ದು ನೋಡಿ ಹಿತ್ತಲಿನ ಹುಲ್ಲಿನ ಮೆದೆ ಹಿಂದೆ ಹೆಂಡತಿಯನ್ನು ಹಿಡಿದ.

"ಸಾಕ್ ಬುಡಮ್ಮಿ. ಎಷ್ಟ್ ದಿಸ ಇಂಗೆ? ನಂಗೆ ತಲೆ ಕೆಟ್ಟೋಗ್ತಾ ಐತೆ."

"ನಿಮ್ಗಾ ತಲೆ ಕೆಡದು? ಸತ್ತೋಳ ಸೀರೆ ಉಟ್ಕಂಡಿರೋಳು ನಾನು," ಅಂದಳು ಪ್ರಮೀಳಾ. "ನಾನ್ ಇವತ್ ಬುಡ್ತೀನಿ. ನಾಳೀಕೆ ಬಿಂಡಿಗನವಿಲೆಗೆ ಯೋಳಿ ಕಳುಸ್ತಾರೆ ನಿಮ್ಮವ್ವ. ಆಗ ನೀವ್ ಬಾಯ್ ಬುಡ್ತೀರಾ?"

ಚಿಕ್ಕಸ್ವಾಮಿ ಮೆದೆಯಿಂದ ಒಂದು ಹುಲ್ಲುಕಡ್ಡಿ ಎಳೆದ.

"ನೋಡಿ, ಈಗ್ಲೂ ಸುಮ್ಕೇ ನಿಂತಿದ್ದೀರಿ. ನಂಗೇನ್ ಆಸೆನಾ ಈ ನಾಟಕ ಆಡಕ್ಕೆ? ನೀವೊಬ್ರು ಮಾತಾಡಿದ್ರೆ ನಾನ್ಯಾಕ್ ದೆವ್ವ ಆಯ್ತಿದ್ದೆ?" ಅಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವನು ಆ ಕಡ್ಡಿಯನ್ನು ಚೂರು ಚೂರು ಮಾಡುತ್ತಾ ಅಲ್ಲೇ ನಿಂತ. ಗಂಡಸು ಅನ್ನಿಸಿಕೊಂಡವನಿಗೆ ಇದಕ್ಕಿಂತ ಛೀಮಾರಿ ಬೇಕೇ?

ಮತ್ತೆ ಕೆಲವು ದಿನ ಕಳೆದು, ಮಧ್ಯಾಹ್ನ ಡೈರಿಗೆ ಬೀಗ ಹಾಕಿ ಮನೆಗೆ ಬಂದವನು ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಒಳಗಿನ ಮಾತು ಕೇಳಿ ನಿಂತ. ನಡುಮನೆಯಲ್ಲಿ ಅಣ್ಣಮ್ಮ ಕಾಲು ಚಾಚಿ ಕೂತಿದ್ದಳು. ಪ್ರಮೀಳಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಣ್ಣಮ್ಮ ಅವಳ ಹಣೆ ಸವರುತ್ತಾ ಯಾರಿಗೂ ಹೇಳದಿದ್ದುದನ್ನು ಹೇಳುತ್ತಿದ್ದಳು.

"ಬಸ್ಸು ದಾರೀಲಿ ಕೆಟ್ಟೋಯ್ತು ಕಣ್ ಮಗ. ಇಳ್ದು ನಡ್ದೆ. ಚಪ್ಲಿ ಕಿತ್ತೋಯ್ತು, ಬಿಸಾಕ್ಬುಟ್ ನಡ್ದೆ. ಊರ ಬಾಗ್ಲಿಗೆ ಬಂದ್ರೆ ಎಲ್ರೂ ಕೈಕಾಲ್ ತೊಳ್ಕಂಡು ವಾಪಸ್ ಬತ್ತಾವ್ರೆ. ಒಂದ್ ಚೂರು ಕಾಯ್ಬಾರ್ದಿತ್ತಾ ಅವ್ರು? ನಿನ್ ಮಖ ನೋಡ್ಕತಿದ್ದೆ."

ಅಣ್ಣಮ್ಮ ಅವಳ ಮುಖದ ಮೇಲೆ ಬಗ್ಗಿದಳು.

"ಒಂದ್ ಮಾತ್ ಯೋಳವ್ವ. ನಿಂಗೆ ಬೋ ನೋವಾಯ್ತಾ?"

ಇಷ್ಟು ವರ್ಷ ಎಷ್ಟು ದೆವ್ವ ನೋಡಿದ್ದನೋ ಚಿಕ್ಕಸ್ವಾಮಿ, ಒಂದಕ್ಕೂ ಅವನ ಮೈ ಹೀಗೆ ತಣ್ಣಗಾಗಿರಲಿಲ್ಲ. ತಾನು ಬಾಯಿ ಬಿಡದ ಒಂದು ಮಾತು ಎಲ್ಲಿಂದ ಎಲ್ಲಿಗೆ ಬಂದು ನಿಂತಿತು. ಹೆತ್ತವಳು ಸತ್ತ ಮಗಳನ್ನು ಕೇಳುತ್ತಿದ್ದಾಳೆ, ಉತ್ತರ ಹೇಳಬೇಕಾದವಳಿಗೆ ಏನೂ ಗೊತ್ತಿಲ್ಲ. ಪ್ರಮೀಳಾ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು.

"ಇಲ್ಲ ಕಣವ್ವ. ನೋವಾಗ್ಲಿಲ್ಲ. ನಿದ್ದೆ ಬಂದಂಗ್ ಆಯ್ತು, ಅಷ್ಟೇಯ."

ಅಣ್ಣಮ್ಮನ ಕೈ ಹಣೆಯ ಮೇಲೆ ನಿಂತಿತು. ಆಮೇಲೆ ಮತ್ತೆ ಸವರತೊಡಗಿತು. ಚಿಕ್ಕಸ್ವಾಮಿ ಶಬ್ದವಾಗದಂತೆ ಹಿಂದೆ ಸರಿದು, ಬೀದಿಗೆ ಬಂದು, ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ನಾಲೆ ಏರಿಯವರೆಗೆ ಹೋದ. ಅಲ್ಲಿ ಕೂತು ಅತ್ತ. ತಂಗಿ ಸತ್ತಾಗಲೂ ಅವನು ಅಷ್ಟು ಅತ್ತಿರಲಿಲ್ಲ.

ಮಂಚಯ್ಯನ ಬೆಂಚಿನ ಮೇಲೆ ವರ್ಷದ ತೀರ್ಮಾನ ಕೇಳಿದ್ದು ಇದಾದ ಮಾರನೇ ದಿನ. ದಂಡ ಯಾವುದಪ್ಪ ಎಂದವನು, ಇವನು ಮಾತಾಡದ್ದು ನೋಡಿ ತಮಾಷೆಗೆ, "ನಿಮ್ಮನೇಲೇ ದಿನಾ ಷೋ ನಡೀತಾ ಐತಂತಲ್ಲೋ. ನೋಡಕ್ ನಾವೂ ಬರ್ಬೋದಾ?" ಅಂದ. ಆಗಲೇ ಚಿಕ್ಕಸ್ವಾಮಿ ಎದ್ದದ್ದು. ಹೊಡೆಯಬೇಕೆನ್ನಿಸಿತು. ಹೊಡೆದರೆ ಮಂಚಯ್ಯನಿಗಲ್ಲ, ತನಗೇ ಹೊಡೆದುಕೊಳ್ಳಬೇಕು ಎಂದೂ ಅನ್ನಿಸಿತು.

ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳು ದಾರಿಯುದ್ದಕ್ಕೂ ನಿಂತಿದ್ದವು. ಸಂದಿಯಲ್ಲಿ ಸೈಕಲ್ ನುಗ್ಗಿಸುತ್ತಾ ಅವನು ನೋಡಿದ ಪಿಚ್ಚರುಗಳನ್ನೆಲ್ಲ ನೆನೆಸಿಕೊಂಡ. ದೆವ್ವವನ್ನು ಸುಡುತ್ತಾರೆ, ಸೀಸೆಯೊಳಗೆ ತುಂಬುತ್ತಾರೆ, ದೇವಸ್ಥಾನದ ಗಂಟೆ ಬಾರಿಸಿ ಓಡಿಸುತ್ತಾರೆ. ಎಲ್ಲದರಲ್ಲೂ ಓಡಿಸುವುದೇ. ನಮ್ಮ ಮನೆಗಳಲ್ಲಿ ಮಗಳನ್ನು ಓಡಿಸಿದ್ದುಂಟೇ? ತವರಿಗೆ ಬಂದವಳಿಗೆ ಮಡಿಲಕ್ಕಿ ತುಂಬಿ ಕಳಿಸುತ್ತಾರೆ. ಮಡಿಲು ತುಂಬಿಸಿಕೊಂಡವಳು ಅಳುತ್ತಲೋ ನಗುತ್ತಲೋ ಹೊಸ್ತಿಲು ದಾಟಲೇಬೇಕು, ಕಳಿಸುವವಳೂ ಕೈ ಬಿಡಲೇಬೇಕು. ಇಷ್ಟು ಹೊಳೆದ ಮೇಲೆ ಹುಣಸೇಮರ ಹಿಂದೆ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಮಾರನೇ ಬೆಳಗ್ಗೆ ಹಾಲು ಅಳೆದು ಮುಗಿಸಿ ಮನೆಗೆ ಬಂದ. ಅಣ್ಣಮ್ಮ ಅಂಗಳದ ಬಿಸಿಲಲ್ಲಿ ಮೊರ ಹಿಡಿದು ಅವರೆ ಕೇರುತ್ತಿದ್ದಳು. ಪ್ರಮೀಳಾ ಹಸಿರು ಸೀರೆಯಲ್ಲಿ ಜಗಲಿಯ ಮೇಲೆ ಕೂತಿದ್ದಳು. ಚಿಕ್ಕಸ್ವಾಮಿ ಹೇಳಬೇಕಾದ್ದನ್ನು ಹೇಳದೆ ಒಳಗೆ ಹೋಗಿ ನೀರು ಕುಡಿದು ಬಂದ. ಮತ್ತೆ ಹೋಗಿ ಇನ್ನೊಂದು ಚೊಂಬು ಕುಡಿದು ಬಂದ.

"ಏನ್ಲಾ ಅದು, ಮೊಟ್ಟೆಗೆ ಬಂದ್ ಕೋಳಿ ಅಂಗೆ ತಿರುಗ್ತಿದ್ದೀಯೆ?" ಅಂದಳು ಅಣ್ಣಮ್ಮ.

"ಅವ್ವ, ಯಸೋದನ್ನ ಕಳ್ಸನ."

ಮೊರ ನಿಂತಿತು.

"ತವರಲ್ಲಿ ಎಷ್ಟ್ ದಿಸ ಅಂತ ಇರ್ತಾಳೆ? ಮಡ್ಲಕ್ಕಿ ತುಂಬು. ಮರ್ಯಾದೆಯಿಂದ ಕಳ್ಸನ."

"ಓದ್ರೆ ಮತ್ತೆ ಬತ್ತಾಳೇನ್ಲಾ?"

"ಬರಕಿಲ್ಲ."

ಅಣ್ಣಮ್ಮ ಮಗನನ್ನು ದಿಟ್ಟಿಸಿದಳು. "ಅವ್ಳು ಬಂದಿದ್ದು ಒಂದ್ ಮಾತ್ ಕೇಳಕ್ಕೆ. ಅವ್ಳು ಓದ್ಮೇಲೆ ಆ ಮಾತ್ನ ಕೇಳೋರು ಯಾರು?"

ಪ್ರಮೀಳಾ ಜಗಲಿಯಂಚನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಚಿಕ್ಕಸ್ವಾಮಿಗೆ ಈಗ ಆಗದಿದ್ದರೆ ಇನ್ನು ಜನ್ಮದಲ್ಲಿ ಆಗುವುದಿಲ್ಲ ಅನ್ನಿಸಿತು.

"ನಾನ್ ಕೇಳ್ತೀನಿ," ಅಂದ. ದನಿ ಕೀರಲಾಗಿ ಬಂತು, ಆದರೂ ಬಂತು. "ನಂಗೆ ಪ್ರಮೀಳನೇ ಸಾಕು ಕಣವ್ವ. ಮಕ್ಳಾಗ್ಲಿ, ಆಗ್ದೆ ಇರ್ಲಿ. ಇನ್ನೊಬ್ಳ ಕುತ್ಗೆಗೆ ನಾನ್ ತಾಳಿ ಕಟ್ಟಕಿಲ್ಲ. ನೀನ್ ಬೈದ್ರೂ ಸೈ, ಒಡುದ್ರೂ ಸೈ."

ಅಣ್ಣಮ್ಮ ಮೊರ ಕೆಳಗಿಟ್ಟು ಒಳಗೆ ಹೋದಳು. ಒಳಗಿಂದ ಅಕ್ಕಿ ಅಳೆಯುವ ಸದ್ದು ಬಂತು. ಹೊರಗೆ ಬಂದಾಗ ಇನ್ನೊಂದು ಮೊರದಲ್ಲಿ ಅಕ್ಕಿ, ಕೊಬ್ಬರಿ, ಅಚ್ಚುಬೆಲ್ಲ, ವೀಳ್ಯದೆಲೆ, ಬಳೆ, ಕುಪ್ಪಸದ ಬಟ್ಟೆ ಎಲ್ಲ ಇದ್ದವು. ಪ್ರಮೀಳಾಳನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಅರಿಸಿನ ಕುಂಕುಮ ಇಟ್ಟು, ಸೆರಗು ಒಡ್ಡಿಸಿ, ಬೊಗಸೆ ಬೊಗಸೆಯಾಗಿ ಮಡಿಲು ತುಂಬಿದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಅವನ್ನೂ ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿದಳು.

"ಓಗವ್ವ. ಸುಕವಾಗಿ ಓಗು. ನಾಲೆ ದಾಟೋವರ್ಗೂ ಇಂದಕ್ ತಿರುಗ್ ನೋಡ್ಬ್ಯಾಡ."

ಪ್ರಮೀಳಾ ಮಡಿಲು ಹಿಡಿದು ಹೊಸ್ತಿಲು ದಾಟಿ ಬೀದಿಗಿಳಿದಳು. ಹಸಿರು ಸೀರೆ ನಾಲೆಯ ಕಡೆ ತಿರುಗಿ ಮರೆಯಾಗುವವರೆಗೂ ತಾಯಿ ಮಗ ಬಾಗಿಲಲ್ಲೇ ನಿಂತರು. ಆಮೇಲೆ ಅಣ್ಣಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು.

"ಈ ಮಾತ್ನ ಮೊದ್ಲೇ ಆಡಿದ್ರೆ ಆ ಎಣ್ಣು ಬರ್ಲಲ್ಲಿ ಏಟ್ ತಿನ್ಬೇಕಿತ್ತೇನ್ಲಾ?"

ಚಿಕ್ಕಸ್ವಾಮಿ ಗಕ್ಕನೆ ಅವಳ ಕಡೆ ತಿರುಗಿದ. "ಅವ್ವ, ನಿಂಗೆ ಗೊತ್ತಿತ್ತಾ?"

"ಮೊದ್ಲು ಗೊತ್ತಿರ್ಲಿಲ್ಲ. ನನ್ ಮಗ್ಳೇ ಅಂತ ನಂಬಿದ್ದೆ, ದೇವ್ರಾಣೆ ನಂಬಿದ್ದೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಯಸೋದ ಎಲ್ಡು ದಿಸ ಒದ್ದಾಡಿ ಜೀವ ಬುಟ್ಲಂತೆ ಕಣ್ಲಾ. ಅವ್ವನ್ನ ಕರುಸಿ, ಅವ್ವನ್ನ ಕರುಸಿ ಅಂತ ಕೂಗ್ತಿದ್ಲಂತೆ. ಆ ಊರೋರೇ ಯೋಳಿದ್ರು. ನಿಂಗೂ ನಾನ್ ಯೋಳ್ಲಿಲ್ಲ. ನೋವಾಯ್ತಾ ಅಂತ ಕೇಳಿದ್ರೆ, ಅದ್ಯಾಕೆ ನೋವಾಗ್ದೆ ಇರ್ತದೆ, ನೀನ್ಯಾಕ್ ಬರ್ಲಿಲ್ಲ ಅಂತ ಕೇಳ್ತಿದ್ಲು ನನ್ ಮಗ್ಳು. ಇವ್ಳು ನೋವಾಗ್ಲಿಲ್ಲ ಅಂದ್ಲು."

ಚಿಕ್ಕಸ್ವಾಮಿ ಅವ್ವನ ಪಕ್ಕ ಕೂತ.

"ನಾನ್ ನೊಂದ್ಕಬಾರ್ದು ಅಂತ ಅಂದ್ಲು. ನಾನ್ ಅವ್ಳಿಗೆ ಅಷ್ಟ್ ಮಾಡಿದ್ರೂ ಅಂದ್ಲು. ಅಂತೋಳ ಮ್ಯಾಲೆ ಇನ್ನೊಬ್ಳನ್ನ ತಂದು ಕೂರುಸ್ಲೇನ್ಲಾ ನಾನು?"

"ಗೊತ್ತಾದ್ಮೇಲೂ ಯಾಕ್ ಸುಮ್ಕಿದ್ದೆ?"

"ಅವ್ವ ಅಂತಿದ್ಲಲ್ಲ," ಅಂದಳು ಅಣ್ಣಮ್ಮ. "ಇನ್ನೊಂದಿಷ್ಟು ಅನ್ನುಸ್ಕಳನ ಅನ್ನುಸ್ತು." ಮೊಣಕಾಲು ಹಿಡಿದು ಎದ್ದಳು. "ನಂಗೆ ಗೊತ್ತು ಅಂತ ಅವ್ಳಿಗ್ ಯೋಳ್ಬುಟ್ಟೀಯ ಮತ್ತೆ. ನಾಚ್ಕಂಡು ಸತ್ತೋಗ್ತಾಳೆ."

ಬಿಸಿಲು ಅಂಗಳದ ನಡುವಿಗೆ ಬಂದಾಗ ಪ್ರಮೀಳಾ ವಾಪಸ್ ಬಂದಳು. ಮಡಿಲು ಖಾಲಿಯಾಗಿತ್ತು, ಸೀರೆಯ ಅಂಚು ನೆನೆದಿತ್ತು. ಬಾಗಿಲ ಹತ್ತಿರ ಬಂದು, ಒಳಗೆ ಬರಬಹುದೋ ಬಾರದೋ ಎಂದು ತಿಳಿಯದೆ, ಪರರ ಮನೆಗೆ ಬಂದವಳಂತೆ ಬೀದಿಯಲ್ಲೇ ನಿಂತಳು. ಒಳಗಿನಿಂದ ಅಣ್ಣಮ್ಮನ ದನಿ, ಹಳೆಯ ಅದೇ ಗಡಸು ದನಿ, ಇಡೀ ಬೀದಿಗೆ ಕೇಳುವಂತೆ ಬಂತು.

"ಪ್ರಮೀಳಾ, ಎಲ್ಲೋಗಿದ್ಯೇ ಇಷ್ಟೊತ್ತು? ಅಸ ಒಂದೇ ಸಮ ಕೂಗ್ತಾ ಐತೆ, ನೀರ್ ಕುಡ್ಸಕ್ಕಿಲ್ವಾ?"

ತನ್ನ ಹೆಸರು ಕೇಳಿದ್ದೇ ತಡ, ಪ್ರಮೀಳಾ ಬೀದಿಯಲ್ಲಿ ನಿಂತಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.